ಹನ್ನೆರಡು ಹುಳುಗಳ ಕಾವಲು

ಮಗಳು ಶಾಲೆಯಿಂದ ಶೂ ಬಾಕ್ಸ್ ಒಂದನ್ನು ಎದೆಗೆ ಅವಚಿಕೊಂಡು ಬಂದ ದಿನ ನಾನು ಅವಳನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದೆ. ಮುಚ್ಚಳದ ತುಂಬ ಪೆನ್ಸಿಲ್‌ನಿಂದ ಚುಚ್ಚಿದ ತೂತುಗಳು. ಒಳಗೇನಿದೆ ಎಂದು ಅವಳು ಬಾಯಿ ಬಿಡುವ ಮೊದಲೇ ನನಗೆ ಗೊತ್ತಾಗಿತ್ತು. ಹಿಪ್ಪುನೇರಳೆ ಸೊಪ್ಪು ಅರ್ಧ ಬಾಡಿದಾಗ ಬರುವ ವಾಸನೆಯನ್ನು ನನ್ನ ಮೂಗು ಇಪ್ಪತ್ತು ವರ್ಷವಾದರೂ ಮರೆತಿರಲಿಲ್ಲ.

"ಬಾಕ್ಸ್ ಅಲ್ಲೇ ಇಡು. ಕೈ ತೊಳ್ಕೊಂಡು ಬಾ," ಎಂದೆ.

"ಅಮ್ಮ, ಇದು ಸಿಲ್ಕ್‌ವರ್ಮ್. ಡರ್ಟಿ ಅಲ್ಲ."

"ಹುಳ ಡರ್ಟಿ ಅಂತ ಯಾರಂದ್ರು? ನೀನು ಡರ್ಟಿ."

ಅವಳಿಗೆ ಆಗ ಎಂಟು ವರ್ಷ. ನಾವಿರುವುದು ಸಿಡ್ನಿಯ ಕೆಲ್ಲಿವಿಲ್‌ನಲ್ಲಿ. ಇಲ್ಲಿ ವಸಂತ ಬಂತೆಂದರೆ ಕೆಲವು ಟೀಚರುಗಳು ಮಕ್ಕಳ ಕೈಗೆ ರೇಷ್ಮೆ ಹುಳು ಕೊಟ್ಟು ಮನೆಗೆ ಕಳಿಸುತ್ತಾರೆ. ದಿನಾ ಸೊಪ್ಪು ಹಾಕಬೇಕು, ದಿನಾ ಒಂದು ಚಿತ್ರ ಬರೆಯಬೇಕು, ಗೂಡು ಕಟ್ಟಲು ಮನೆಯಲ್ಲಿರುವ ಕಾಗದ, ರಟ್ಟಿನಿಂದಲೇ ಜಾಗ ಮಾಡಿಕೊಡಬೇಕು, ಕೊನೆಗೆ ಚಿಟ್ಟೆ ಬಂದು ಇಟ್ಟ ಮೊಟ್ಟೆಯನ್ನು ಕ್ಲಾಸಿಗೆ ಒಯ್ಯಬೇಕು. ಮಗಳಿಗೆ ಚಿತ್ರ, ರಟ್ಟು ಎಲ್ಲ ನೆಪ. ಗೂಡು ಒಡೆದು ಚಿಟ್ಟೆ ಹೊರಗೆ ಬರುವುದನ್ನು ಕಣ್ಣಾರೆ ನೋಡಬೇಕು, ಅವಳ ಆಸೆ ಅದೊಂದೇ. ಹನ್ನೆರಡು ಹುಳುವಿಗೂ ಅವತ್ತೇ ಹೆಸರಿಟ್ಟಳು. ನಾನು ಒಂದು ಹೆಸರನ್ನೂ ಕಲಿಯಲಿಲ್ಲ. ನಾವು ಹುಳುವಿಗೆ ಹೆಸರಿಡುವ ಪೈಕಿಯಲ್ಲ.

ರಾಮನಗರದ ಕಡೆ ನಮ್ಮ ಊರಿನಲ್ಲಿ ಅರ್ಧ ಮನೆ ನಮಗೆ, ಅರ್ಧ ಮನೆ ಹುಳುವಿಗೆ. ಒಳ್ಳೆಯ ಅರ್ಧ ಯಾವಾಗಲೂ ಹುಳುವಿನದೇ. ಅಮ್ಮ ಹುಳು ಮನೆಯ ಹೊಸಿಲಿನಲ್ಲಿ ಪೊಲೀಸಿನವಳ ಹಾಗೆ ನಿಂತಿರುತ್ತಿದ್ದಳು. ಹೊಗೆಸೊಪ್ಪು ಹಾಕಿದವರು ಒಳಗೆ ಬರುವಂತಿಲ್ಲ, ಸೆಂಟು ಪೂಸಿಕೊಂಡವರು ಬರುವಂತಿಲ್ಲ, ಬೇರೆಯವರ ಹುಳು ಮನೆಗೆ ಹೋಗಿ ಬಂದವರಂತೂ ನಮ್ಮ ಜಗಲಿಯನ್ನೂ ಹತ್ತುವಂತಿಲ್ಲ. ಬಂದವರ ಕೈಯನ್ನು ತಿರುವಿ ಮುರುವಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಬೆಳೆ ಕೆಟ್ಟಿತೆಂದರೆ ಮುಗಿಯಿತು, ಸೋಮವಾರ ಯಾರು ಬಂದಿದ್ದರು, ಮಂಗಳವಾರ ಯಾರು ಇಣುಕಿದರು ಎಂದು ಬೆರಳು ಮಡಿಸಿ ಎಣಿಸುತ್ತಿದ್ದಳು.

ಒಂದು ವರ್ಷ ಹುಳುವೆಲ್ಲ ಕಪ್ಪಾಗಿ ಸತ್ತವು. ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದಿದ್ದ ದೊಡ್ಡಮ್ಮನ ಮೇಲೆ ಗೂಬೆ ಕೂರಿಸಿ ಎರಡು ವರ್ಷ ಅವರ ಮನೆಗೆ ನಾವು ಕಾಲಿಡಲಿಲ್ಲ. ಆ ಸಲ ಹುಳು ಸಾಕುವ ತಟ್ಟೆಗಳಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವ ಕೆಲಸ ನನ್ನದಾಗಿತ್ತು. ಆಟದ ಆತುರದಲ್ಲಿ ಅರ್ಧಕ್ಕರ್ಧ ತಟ್ಟೆಗಳನ್ನು ಬರೀ ನೀರಿನಲ್ಲಿ ಅದ್ದಿ ಎತ್ತಿಟ್ಟಿದ್ದೆ. ಅದನ್ನು ನಾನು ಇವತ್ತಿನವರೆಗೂ ಅಮ್ಮನಿಗೆ ಹೇಳಿಲ್ಲ.

ಅನುಮಾನ ನನಗೆ ಹಾಗೆ ಬಂದದ್ದು, ಮನೆಯ ಕಸುಬಿನ ಜೊತೆಗೆ. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುವಾಗ ನಾಲ್ಕು ಹುಡುಗಿಯರು ಒಂದು ಬಾಡಿಗೆ ಮನೆಯಲ್ಲಿದ್ದೆವು. ನನ್ನ ಹಾಲಿನ ಬಾಟಲಿಯ ಮೇಲೆ ಹಾಲು ಎಲ್ಲಿಯವರೆಗಿದೆ ಎಂದು ದಿನಾ ಮಾರ್ಕರ್‌ನಿಂದ ಗೆರೆ ಎಳೆದಿಡುತ್ತಿದ್ದೆ. ಮಿಕ್ಕವರು ನಗುತ್ತಿದ್ದರು. ನಗಲಿ, ಹಾಲು ಕಮ್ಮಿಯಾಗುತ್ತಿದ್ದದ್ದು ನಿಜ.

ಹುಳು ಬಂತು, ಸೊಪ್ಪಿಗೆ ಎಲ್ಲಿಗೆ ಹೋಗುವುದು? ಈ ಕಡೆಯ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಮೂರು ರಸ್ತೆ ಆಚೆ ಮೈಸೂರಿನ ಒಬ್ಬ ಡಾಕ್ಟರ್ ಆಂಟಿ ಇದ್ದಾರೆ, ರಿಟೈರ್ ಆದವರು. ಅವರ ಹಿತ್ತಿಲಲ್ಲಿ ದೊಡ್ಡ ಹಿಪ್ಪುನೇರಳೆ ಮರವಿದೆಯಂತೆ. ಫೋನ್ ಮಾಡಿದೆ. "ನೀನು ಬರೋದೇನೂ ಬೇಡಮ್ಮ, ವಾಕಿಂಗ್ ಬರ್ತಾ ನಾನೇ ತಂದುಕೊಡ್ತೀನಿ," ಎಂದರು.

ಇದೇ ನನಗೆ ಮೊದಲು ಚುಚ್ಚಿದ್ದು. ಕೇಳದೆಯೇ ಯಾರಾದರೂ ಮನೆವರೆಗೂ ತಂದುಕೊಡುತ್ತಾರೆಂದರೆ ಏನೋ ಇರಬೇಕು. ಅವರು ದಿನ ಬಿಟ್ಟು ದಿನ ಬೆಳಗ್ಗೆ ಬಟ್ಟೆಯ ಬ್ಯಾಗಿನಲ್ಲಿ ಸೊಪ್ಪು ತಂದು, ಒಳಗೆ ಬಂದು, ಹುಳುವಿನ ಮುಂದೆ ಕೂತು, "ಎಷ್ಟಿವೆ? ಎಲ್ಲಾ ಚೆನ್ನಾಗಿವೆಯಾ?" ಎಂದು ಕೇಳುತ್ತಿದ್ದರು. ಎಣಿಕೆ ಇವರಿಗ್ಯಾಕೆ? ಒಂದು ದಿನ ಬಾಯಿ ಬಿಟ್ಟರು: "ಮೆಲ್ಬರ್ನ್‌ನಲ್ಲಿ ನನ್ನ ಮೊಮ್ಮಗ ಇದಾನಲ್ಲ, ಅವನಿಗೂ ಇದರ ಹುಚ್ಚು. ಮೊಟ್ಟೆ ಇಟ್ಟಾಗ ಒಂದಿಷ್ಟು ಕೊಡ್ತೀಯಾ?" ನೋಡೋಣ ಆಂಟಿ ಎಂದೆ. ಅಲ್ಲಿಗೆ ವಿಷಯ ತಿಳಿಯಿತು ಎಂದುಕೊಂಡೆ.

ಅವರು ಮರಕ್ಕೆ ಏನಾದರೂ ಸ್ಪ್ರೇ ಹೊಡೆದಿದ್ದರೆ? ಅವರು ಇಲ್ಲ ಅಂದರು, ಅಂದವರೆಲ್ಲ ನಿಜ ಹೇಳುತ್ತಾರೆಂದೇನಿಲ್ಲ. ಸೊಪ್ಪನ್ನು ತೊಳೆದು, ಒಂದೊಂದೇ ಎಲೆಯನ್ನು ಬಟ್ಟೆಯಿಂದ ಒರೆಸಿ, ಮೊದಲು ಎರಡೇ ಹುಳುವಿಗೆ ಹಾಕಿ ಅರ್ಧ ಗಂಟೆ ಕಾಯುತ್ತಿದ್ದೆ. ಅವು ಬದುಕಿದರೆ ಮಿಕ್ಕ ಹತ್ತಕ್ಕೆ. ಬಾಕ್ಸನ್ನು ಅಡುಗೆಮನೆಯಿಂದ ದೂರ, ಹಾಲ್‌ನ ಮೂಲೆಗೆ ಸರಿಸಿದೆ. ಗಂಡನ ಡಿಯೊಡರೆಂಟ್ ಗ್ಯಾರೇಜಿಗೆ ಹೋಯಿತು.

"ಹನ್ನೆರಡು ಹುಳಕ್ಕೆ ಇಷ್ಟೊಂದು ಸೆಕ್ಯೂರಿಟಿನಾ?" ಎಂದ ಗಂಡ. ಅವನು ಮೈಸೂರಿನ ಪೇಟೆಯವನು. ರೇಷ್ಮೆ ಎಂದರೆ ಮದುವೆಯಲ್ಲಿ ಉಡುವುದು ಎಂದಷ್ಟೇ ಗೊತ್ತು.

"ನಿಂಗೇನ್ ಗೊತ್ತು? ಸುಮ್ನಿರು," ಎಂದೆ.

ಹುಳು ನಾಲ್ಕನೆಯ ಜ್ವರ ಎದ್ದಿತು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಈ ಮಾತು ಮಗಳ ನೋಟ್‌ಬುಕ್ಕಿಗೂ ಹೋಗಿ, ಹುಳುವಿನ ಬಾಯಲ್ಲಿ ಥರ್ಮಾಮೀಟರ್ ಇಟ್ಟ ಚಿತ್ರವಾಯಿತು. ನಾಲ್ಕನೆಯ ಜ್ವರ ಎದ್ದ ಮೇಲೆ ತಿನ್ನುವುದೇ ತಿನ್ನುವುದು, ಆಮೇಲೆ ಗೂಡು. ಟೀಚರ್ ಕೊಟ್ಟ ಚೀಟಿಯಲ್ಲಿ ಮೊಟ್ಟೆಯ ಟ್ರೇ, ಟಾಯ್ಲೆಟ್ ಪೇಪರ್ ರೋಲ್ ಉಪಯೋಗಿಸಿ ಎಂದಿತ್ತು. ನನಗೆ ಒಪ್ಪಿಗೆಯಾಗಲಿಲ್ಲ.

ಅಂದು ಭಾನುವಾರ. ಊಟದ ಮೇಜಿನ ಮೇಲೆ ರಟ್ಟು ಹರಡಿ, ದಿನಸಿ ಬಂದ ಕಂದು ಕಾಗದದ ಚೀಲಗಳನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದೆವು. ಪಟ್ಟಿಗಳನ್ನು ತುದಿಗೆ ತುದಿ ಅಂಟಿಸಿ ಉದ್ದ ಮಾಡಿ, ರಟ್ಟಿನ ನಡುವಿನಿಂದ ಶುರುಮಾಡಿ ಸುತ್ತಿಗೆ ಸುತ್ತು ಬಿಡುತ್ತಾ ಹೊರಗೆ ಬಂದೆ. ಸುತ್ತುಗಳ ನಡುವೆ ಒಂದು ಹೆಬ್ಬೆರಳಿನಷ್ಟು ಜಾಗ. ಊರಿನಲ್ಲಿ ಬಿದಿರಿನ ಚಂದ್ರಿಕೆ ಮಾಡುವುದು ಹೀಗೆಯೇ. ಅಲ್ಲಿ ತಿನ್ನುವುದು ಮುಗಿಸಿ ಹಣ್ಣಾದ ಹುಳುಗಳನ್ನು ಅದರ ಮೇಲೆ ಬಿಟ್ಟರೆ ಒಂದೊಂದು ಒಂದೊಂದು ಜಾಗ ಹಿಡಿದು ಗೂಡು ಕಟ್ಟುತ್ತವೆ. ಮಗಳು ಅಂಟು ಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಎದುರಿಗೆ ನಾನು ಲ್ಯಾಪ್‌ಟಾಪ್ ಬಿಟ್ಟು ಬೇರೆ ಏನನ್ನಾದರೂ ಕೈಯಿಂದ ಮಾಡಿದ್ದು ಅದೇ ಮೊದಲಿರಬೇಕು. ನನಗೆ ಒಳಗೊಳಗೇ ಬಲು ಖುಷಿಯಾಗಿತ್ತು.

"ಇದೆಲ್ಲಾ ನಿಂಗೆ ಹೇಗೆ ಗೊತ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ನಮ್ಮ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

"ನಮ್ಮನೇಲೂ ಹುಳ ಸಾಕ್ತಿದ್ವಿ."

"ಎಷ್ಟು?"

"ಒಂದೊಂದ್ ಸಲ ಲಕ್ಷ."

ಅವಳು ಅಂಟಿನ ಬಾಟಲಿ ಕೆಳಗಿಟ್ಟಳು. "ಲಕ್ಷ ಚಿಟ್ಟೆನಾ? ಅವು ಎಲ್ಲಿ ಹಾರಿಹೋಗ್ತಿದ್ವು?"

"ಗೂಡು ಮಾರ್ತಿದ್ವಿ."

"ಆಮೇಲೆ ಚಿಟ್ಟೆ ಏನಾಗ್ತಿತ್ತು?"

"ಆಮೇಲೆ ನಂಗೊತ್ತಿಲ್ಲ."

ಅಪ್ಪಟ ಸುಳ್ಳು. ನನ್ನ ಸೋದರಮಾವನದು ನೂಲು ತೆಗೆಯುವ ಘಟಕವೇ ಇತ್ತು. ರಜೆಯಲ್ಲಿ ಅಲ್ಲಿಗೆ ಹೋದರೆ ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತಕತಕ ಕುಣಿಯುವುದನ್ನು ನೋಡುತ್ತಾ ನಿಂತಿರುತ್ತಿದ್ದೆ. ಆ ವಾಸನೆ ಮೈಗೆ, ಕೂದಲಿಗೆ ಹತ್ತಿಕೊಂಡು ಎರಡು ದಿನ ಬಿಡುತ್ತಿರಲಿಲ್ಲ. ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಗೆ ಬಂತೆಂದರೆ ಆ ಗೂಡಿನಿಂದ ನೂಲು ಬರುವುದಿಲ್ಲ, ನಮ್ಮ ಲೆಕ್ಕದಲ್ಲಿ ಅದು ಹಾಳಾದ ಗೂಡು. ಹಾಗಾಗಿ ಲಕ್ಷ ಲಕ್ಷ ಹುಳುವಿಗೆ ಸೊಪ್ಪು ಹಾಕಿದ ನಾನು ಒಂದೇ ಒಂದು ಚಿಟ್ಟೆ ಹೊರಗೆ ಬರುವುದನ್ನೂ ನೋಡಿದವಳಲ್ಲ. ಎಂಟು ವರ್ಷದ ಮಗುವಿಗೆ ಇದನ್ನೆಲ್ಲ ಹೇಗೆ ಹೇಳುವುದು ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಮುಗಿಸಿದೆ.

ಅವಳು ಮತ್ತೆ ಕೇಳಲಿಲ್ಲ. ಮಾರನೆಯ ದಿನವೇ ಹುಳುಗಳು ಹಣ್ಣಾದವು, ಮೈ ಬೆಳಕು ಹಾಯುವಂತೆ ಹೊಳೆಯಿತು. ಹನ್ನೆರಡನ್ನೂ ಕಾಗದದ ಚಂದ್ರಿಕೆಯ ಮೇಲೆ ಬಿಟ್ಟೆವು. ಹನ್ನೆರಡಕ್ಕೆ ಹನ್ನೆರಡೂ ಗೂಡು ಕಟ್ಟಿದವು.

ಆ ಶನಿವಾರ ಬೆಳಗ್ಗೆ ನಾನು ಇಡ್ಲಿ ಪಾತ್ರೆಗೆ ನೀರಿಟ್ಟು ಹಾಲ್‌ಗೆ ಬಂದೆ. ಹುಳು ಚಂದ್ರಿಕೆಗೆ ಬಿಟ್ಟು ಐದು ದಿನ ತುಂಬಿತ್ತು. ಆಮೇಲೆ ಏನು ಮಾಡಿದೆನೋ ಅದನ್ನು ನಾನು ಯೋಚಿಸಿ ಮಾಡಲಿಲ್ಲ. ಊರಿನಲ್ಲಿ ಆ ದಿನ ಗೂಡು ಬಿಡಿಸುವ ದಿನ, ಕೈ ತಾನಾಗಿಯೇ ಹೋಯಿತು. ಒಂದೊಂದನ್ನೇ ಕಾಗದದಿಂದ ಬಿಡಿಸಿ, ಮೇಲಿನ ಸಡಿಲ ಎಳೆಯನ್ನು ಬೆರಳಿಗೆ ಸುತ್ತಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೋಶವಾದ ಹುಳು ಸದ್ದು ಮಾಡುತ್ತದಾ ಎಂದು ಕೇಳಿ, ಸ್ಟೀಲಿನ ಜರಡಿಯೊಂದಕ್ಕೆ ಹಾಕಿದೆ. ಬೆಳಕು ಚೆನ್ನಾಗಿರುವುದು ಒಲೆಯ ಪಕ್ಕದಲ್ಲಿ. ಅಲ್ಲಿಗೆ ಒಯ್ದು ಕಲೆಯಾದ ಎರಡನ್ನು ಬೇರೆ ಮಾಡುತ್ತಿದ್ದೆ. ಇಡ್ಲಿ ನೀರು ಕೊತಕೊತ ಕುದಿಯುತ್ತಿತ್ತು.

ತಿರುಗಿದರೆ ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು, ಕಾಲುಚೀಲದಲ್ಲಿ.

"ಏನ್ ಮಾಡ್ತಿದೀಯ?"

"ಗೂಡು ಬಿಡಿಸ್ದೆ ಕಣೆ. ಎಷ್ಟು ಗಟ್ಟಿಯಾಗಿ ಬಂದಿದೆ ನೋಡು. ಒಂದೂ ಜೊಳ್ಳಿಲ್ಲ."

ಅವಳು ಒಲೆ ನೋಡಿದಳು, ಜರಡಿ ನೋಡಿದಳು. ಹತ್ತಿರ ಬಂದು ಹನ್ನೆರಡನ್ನೂ ಎಣಿಸಿ ತನ್ನ ಶೂ ಬಾಕ್ಸಿಗೆ ತುಂಬಿಕೊಂಡು ಹೋದಳು. ಇಡ್ಲಿ ಬೇಡ, ಸೀರಿಯಲ್ ಸಾಕು ಎಂದಳು. ನಿದ್ದೆಗಣ್ಣು ಎಂದುಕೊಂಡೆ.

ಸೋಮವಾರ ನಾನು ಮನೆಯಿಂದಲೇ ಕೆಲಸ ಮಾಡುವ ದಿನ. ಬೆಳಗ್ಗೆ ಹಾಲ್‌ನ ಮೂಲೆ ನೋಡಿದರೆ ಬಾಕ್ಸ್ ಇಲ್ಲ. ಮಗಳ ರೂಮು ನೋಡಿದೆ, ಸೋಫಾದ ಕೆಳಗೆ ನೋಡಿದೆ, ಗ್ಯಾರೇಜ್ ನೋಡಿದೆ, ಹೊರಗಿನ ಬಿನ್‌ನೊಳಗೂ ಬಗ್ಗಿ ನೋಡಿದೆ. ಮಗಳಿಗೆ ಹೇಳಿದರೆ ಅವಳು "ಓ" ಎಂದು ಶೂ ಲೇಸ್ ಕಟ್ಟಿಕೊಂಡಳು. ಪಾಪ, ಆಘಾತವಾಗಿದೆ ಎಂದುಕೊಂಡು ಅವಳ ಡಬ್ಬಿಗೆ ಒಂದು ಚಾಕೊಲೇಟ್ ಹೆಚ್ಚಿಗೆ ಹಾಕಿದೆ. ಅವಳು ಶಾಲೆಗೆ ಹೋದ ಮೇಲೆ ಗಂಡನ ಆಫೀಸಿಗೆ ಫೋನ್ ಮಾಡಿದೆ.

"ಇರುವೆ ತಿಂದಿರ್ಬೇಕು," ಎಂದ.

"ಬಾಕ್ಸ್ ಸಮೇತನಾ?"

"ಹಂಗಾದ್ರೆ ನಂಗೊತ್ತಿಲ್ಲ ಮಾರಾಯ್ತಿ, ಮೀಟಿಂಗಿದೆ."

ಅಮ್ಮನ ಹಾಗೆ ಬೆರಳು ಮಡಿಸಿದೆ. ಶನಿವಾರ ಯಾರೂ ಬರಲಿಲ್ಲ. ಭಾನುವಾರ ಡಾಕ್ಟರ್ ಆಂಟಿ ಬಂದಿದ್ದರು. ಹುಳು ಗೂಡು ಕಟ್ಟಿದ ಮೇಲೆ ಸೊಪ್ಪಿನ ಕೆಲಸವಿಲ್ಲ, ಆದರೂ ಬಂದಿದ್ದರು. ನಾನು ಮೇಲೆ ಬಟ್ಟೆ ಮಡಚುತ್ತಿದ್ದವಳು, ನೀವು ಕೂತಿರಿ ಆಂಟಿ ಬಂದೆ ಎಂದಿದ್ದೆ. ಇಳಿದು ಬರುವಷ್ಟರಲ್ಲಿ ಹೊರಟೇ ಬಿಟ್ಟಿದ್ದರು. ಕಿಟಕಿಯಿಂದ ಅವರು ಬರುವುದನ್ನೂ ಹೋಗುವುದನ್ನೂ ನೋಡಿದ್ದೆ. ಬರುವಾಗ ಚಪ್ಪಟೆಯಾಗಿದ್ದ ಬಟ್ಟೆ ಬ್ಯಾಗು ಹೋಗುವಾಗ ಉಬ್ಬಿತ್ತು. ಈಗ ಎಲ್ಲಾ ಸರಿಹೋಯಿತು. ಮೆಲ್ಬರ್ನಿನ ಮೊಮ್ಮಗ. ಕೇಳಿದ್ದರೆ ನಾನೇ ನಾಲ್ಕು ಕೊಡುತ್ತಿರಲಿಲ್ಲವೇ? ಹನ್ನೆರಡೂ ಹೊತ್ತೊಯ್ಯುವುದೆಂದರೆ ಏನು? ನನ್ನ ಮಗುವಿನ ಆಸೆಗೆ ಮಣ್ಣು ಹಾಕಿದರಲ್ಲ ಎಂದು ಮೈಯೆಲ್ಲ ಉರಿಯಿತು.

ಬರಿಗೈಯಲ್ಲಿ ಹೋಗಿ ಜಗಳ ತೆಗೆಯುವುದು ಚೆನ್ನಾಗಿರುವುದಿಲ್ಲ. ಹಾಗಾಗಿ ಒಂದು ಡಬ್ಬಿ ಚಿತ್ರಾನ್ನ ಕಲಸಿಕೊಂಡು ಹೋದೆ. ಬಾಗಿಲು ತೆರೆದ ಆಂಟಿಯ ಹೆಗಲ ಮೇಲಿಂದಲೇ ನನ್ನ ಕಣ್ಣಿಗೆ ಬಿತ್ತು, ಕಿಟಕಿಯ ಪಕ್ಕದ ಮೇಜಿನ ಮೇಲೆ ನಮ್ಮ ಶೂ ಬಾಕ್ಸ್.

"ಆಂಟಿ, ಅದು ನಮ್ಮನೆ ಬಾಕ್ಸು."

"ಹೌದು. ಬಾ, ಕೂತ್ಕೋ."

"ನೀವು ಕೇಳಿದ್ರೆ ನಾನೇ ಕೊಡ್ತಿದ್ದೆ. ಮಗು ಎಷ್ಟು ಆಸೆ ಇಟ್ಕೊಂಡಿದ್ಲು ಗೊತ್ತಾ ನಿಮಗೆ?"

ಅವರು ಚಿತ್ರಾನ್ನದ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಾನು ತಗೊಂಡ್ ಬಂದಿಲ್ಲ ಕಣಮ್ಮ. ನಿನ್ನ ಮಗಳೇ ಕೊಟ್ಳು. ಡಾಕ್ಟರಜ್ಜಿ, ಚಿಟ್ಟೆ ಬರೋ ತನಕ ಇದನ್ನ ಬಚ್ಚಿಡಿ ಅಂದ್ಲು."

"ಬಚ್ಚಿಡೋದಾ? ಯಾರಿಂದ?"

ಆಂಟಿ ಬಾಕ್ಸನ್ನು ನನ್ನ ಕಡೆ ತಿರುಗಿಸಿದರು. ಮುಚ್ಚಳದ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ, ಮಗಳ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ, ಅಮ್ಮನಿಗೆ ಕೊಡಬಾರದು ಎಂದು ಬರೆದಿತ್ತು. ಕೆಳಗೆ ಎರಡು ಗೆರೆ.

ನಾನು ಕೂತೆ. ಆಂಟಿ ನಿಧಾನವಾಗಿ ಹೇಳಿದರು. ಶುಕ್ರವಾರ ಕ್ಲಾಸಿನಲ್ಲಿ ರೇಷ್ಮೆ ಹೇಗೆ ಮಾಡುತ್ತಾರೆಂದು ವಿಡಿಯೊ ತೋರಿಸಿದ್ದರಂತೆ, ಗೂಡನ್ನು ಕುದಿಸುವುದನ್ನೂ. ಮಾರನೆಯ ದಿನ ಎದ್ದು ಕೆಳಗೆ ಬಂದರೆ ಕುದಿಯುವ ನೀರಿನ ಪಕ್ಕದಲ್ಲಿ ಅವಳ ಹನ್ನೆರಡು ಗೂಡು, ಜರಡಿಯಲ್ಲಿ.

"ಆಂಟಿ, ಅದು ಇಡ್ಲಿ ನೀರು."

"ಗೊತ್ತಮ್ಮ, ನಾನೂ ಅದೇ ಅಂದೆ. ಅದಕ್ಕವಳು ಏನಂದ್ಲು ಗೊತ್ತಾ? ಅಮ್ಮ ಲಕ್ಷ ಹುಳ ಸಾಕಿದಾಳೆ, ಚಿಟ್ಟೆ ಏನಾಯ್ತು ಅಂದ್ರೆ ಗೊತ್ತಿಲ್ಲ ಅಂತಾಳೆ, ಅಷ್ಟೆಲ್ಲಾ ಗೊತ್ತಿರೋಳಿಗೆ ಅದೊಂದು ಹೇಗೆ ಗೊತ್ತಿರಲ್ಲ ಅಂದ್ಲು."

ನನಗೆ ವಿಪರೀತ ಸಿಟ್ಟು ಬಂತು. ಮಗಳ ಮೇಲೆ, ವಿಡಿಯೊ ತೋರಿಸಿದವರ ಮೇಲೆ, ಇಷ್ಟನ್ನೂ ನೆಮ್ಮದಿಯಾಗಿ ಹೇಳುತ್ತಿರುವ ಆಂಟಿಯ ಮೇಲೆ. ಅದರ ಹಿಂದೆಯೇ ನಾಚಿಕೆ ಬಂತು, ಅದು ಹೋಗಲಿಲ್ಲ. ಒಂದು ತಿಂಗಳಿಂದ ಇವರ ಎಲೆ ಎಲೆಯನ್ನೂ ಒರೆಸಿ ಪರೀಕ್ಷೆ ಮಾಡಿದ್ದೆ. ದೊಡ್ಡಮ್ಮನ ತಲೆಯೆಣ್ಣೆ ನೆನಪಾಯಿತು.

"ನಿನಗೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ನೀನೇ ಬಂದ್ಬಿಟ್ಟೆ, ಏನ್ ಮಾಡ್ಲಿ," ಎಂದರು. "ತಗೊಂಡ್ಹೋಗ್ತೀಯಾ?"

ಕೈ ಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಒಯ್ದು ಮೂಲೆಯಲ್ಲಿಟ್ಟು, ನೋಡು ನಾನೇನೂ ಮಾಡಿಲ್ಲ ಎಂದು ತೋರಿಸಬಹುದಿತ್ತು. ಬೇಡ ಆಂಟಿ, ಇಲ್ಲೇ ಇರಲಿ ಎಂದು ಎದ್ದು ಬಂದೆ.

ಸಂಜೆ ಮಗಳು ಬಂದಾಗ ಊಟದ ಮೇಜಿನ ಮುಂದೆ ಕೂರಿಸಿಕೊಂಡೆ. ಬಾಕ್ಸ್ ಎಲ್ಲಿದೆ ಅಂತ ಗೊತ್ತಾಯ್ತು, ತರಲಿಲ್ಲ ಎಂದೆ. ಆಮೇಲೆ ಎಲ್ಲಾ ಹೇಳಿದೆ. ಮಾವನ ಘಟಕ, ಕುದಿಯುವ ತೊಟ್ಟಿ, ಒಳಗಿರುವುದು ಸಾಯುತ್ತದೆ ಎಂದು ಗೊತ್ತಿದ್ದೂ ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದದ್ದು. ನನ್ನ ಬಟ್ಟೆ, ಪುಸ್ತಕ, ನಾನು ಓದಿ ಈ ದೇಶಕ್ಕೆ ಬಂದದ್ದು ಎಲ್ಲಾ ಆ ಗೂಡಿನಿಂದಲೇ ಎಂದು. ಅವಳು ಮೇಜಿಗೆ ಅಂಟಿದ್ದ ಒಣಗಿದ ಗೋಂದನ್ನು ಉಗುರಿನಿಂದ ಕೀಳುತ್ತಾ ಕೇಳಿಸಿಕೊಂಡಳು.

"ಸಾರಿ ಹೇಳು," ಎಂದಳು.

"ಯಾರಿಗೆ, ಹುಳಕ್ಕಾ?"

"ನಂಗೆ. ಗೊತ್ತಿಲ್ಲ ಅಂದಿದ್ದಕ್ಕೆ."

ಸಾರಿ ಎಂದೆ.

"ಈಗ ಬಾಕ್ಸ್ ತರೋಣ್ವಾ?"

ಅವಳು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ಮುಖ ನೋಡಿದರೇ ತಿಳಿಯುತ್ತಿತ್ತು. "ನೋ," ಎಂದಳು.

ಹನ್ನೆರಡು ದಿನದ ಮೇಲೆ ಶನಿವಾರ ಬೆಳಗ್ಗೆ ಆಂಟಿಯ ಫೋನ್ ಬಂತು. ಒಂದು ಗೂಡಿನ ತುದಿ ಒದ್ದೆಯಾಗಿದೆ, ಚಿಟ್ಟೆ ಬರುವ ಹಾಗಿದೆ, ಬೇಗ ಬನ್ನಿ ಎಂದರು. ಮಗಳು ಪೈಜಾಮದಲ್ಲೇ ಓಡಿದಳು. ನಾನು ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆ ಹೋದೆ. ಆಂಟಿಯ ರೂಮಿನ ಬಾಗಿಲಿಗೆ ನಾನು ಬರುವಷ್ಟರಲ್ಲಿ ಅವಳು ಒಳಗಿದ್ದಳು. ತಿರುಗಿ ಒಂದು ಕೈ ಅಡ್ಡ ಹಿಡಿದಳು.

"ಕೈ ತೊಳ್ಕೊಂಡ್ಯಾ?"

ಕನ್ನಡದಲ್ಲಿ ಕೇಳಿದಳು. ನಮ್ಮಮ್ಮನದೇ ದನಿ.

ಆಂಟಿಯ ಸಿಂಕಿನಲ್ಲಿ ತೊಳೆದುಕೊಂಡು ಬಂದು ಹೊಸಿಲಿನ ಈಚೆ ನಿಂತೆ. "ತೊಳ್ಕೊಂಡೆ."

"ತೋರ್ಸು."

ಎರಡೂ ಕೈ ಮುಂದೆ ಚಾಚಿದೆ. ಅವಳು ತಿರುವಿ ಮುರುವಿ ನೋಡಿದಳು. ಅವಳ ಹೆಗಲಿನಾಚೆ, ಬಾಕ್ಸಿನೊಳಗೆ, ಗೂಡಿನ ತೂತಿನಿಂದ ಒದ್ದೆ ಮುದ್ದೆಯೊಂದು ಕಾಲೂರಿ ಕಾಲೂರಿ ಹೊರಗೆ ಬರುತ್ತಿತ್ತು. ರೆಕ್ಕೆಗಳು ಇನ್ನೂ ಮಡಚಿಕೊಂಡಿದ್ದವು. ನಲವತ್ತೊಂದು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಬೇಕೆಂದು ಎಷ್ಟು ಆಸೆಯಾಯಿತೆಂದರೆ ಕಾಲು ಮುಂದಿಟ್ಟೇ ಬಿಟ್ಟೆ.

"ಅಮ್ಮ," ಎಂದಳು ಮಗಳು ನನ್ನ ಕೈ ಬಿಡದೆ. "ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತ್ಕೋ."

ನಿಂತೆ.